ಕೂಡುವ ಜಾಗ

ಹಳಿಯಾಳ
9 ಡಿಸೆಂಬರ್ 2024

ತಮ್ಮಾ ರುದ್ರೇಶ,

ಗುರುವಾರ ಅವ್ವನೂ ನಾನೂ ಜೈಲಿನ ಬಾಗಿಲ ತನಕ ಬಂದಿದ್ದೆವು. ಅವ್ವನನ್ನು ಮಾತ್ರ ನೋಡುತ್ತೇನೆ ಎಂದು ನೀನು ಹೇಳಿ ಕಳುಹಿಸಿದೆ. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಅವ್ವ ತಿರುಗಿ ಬಂದು, "ಅವಂಗ ನಿನ್ನ ತಲಿ ನೋಡಾಕ ಆಗೂದಿಲ್ಲಂತ" ಅಂದಳು. ಬ್ಯಾಂಡೇಜು ಇನ್ನೂ ಬಿಚ್ಚಿಲ್ಲ. ಪತ್ರಕ್ಕೆ ತಲೆ ಇರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿ ಯಾರೋ ಓದಿ ನಿನಗೆ ಕೊಡುತ್ತಾರಂತೆ. ಓದಲಿ.

ಇವತ್ತು ವಿಮಾ ಕಂಪನಿಯ ತನಿಖಾಧಿಕಾರಿ ನಮ್ಮ ವಿಶ್ವವಿದ್ಯಾಲಯದ ಆಫೀಸಿಗೆ ಬಂದಿದ್ದ. ಪ್ರವಾಸ ಸುರಕ್ಷತೆಯ ಅಧಿಕಾರಿ ನಾನೇ ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ನಿನಗೆ ಗೊತ್ತಿರುವುದೇ. ಆದರೂ ಹೊರಗಿನವನಿಗೆ ಹೇಳಿದ್ದನ್ನು ನಿನಗೆ ಹೇಳದೆ ಇರಬಾರದು ಅನ್ನಿಸಿತು.

ಉಳವಿ ನೋಡಿಕೊಂಡು, ಕುಂಬಾರವಾಡದಿಂದ ಒಳಗಿನ ಒಂದು ಕೇರಿಯಲ್ಲಿ ಗಡ್ಡೆ ಗೆಣಸಿನ ಬೆಳೆಯನ್ನು ವಿದ್ಯಾರ್ಥಿಗಳು ಅಭ್ಯಾಸ ಮಾಡುವುದಿತ್ತು. ಯೋಜನೆ ಬರೆದವಳು ನಾನು, ವಿಶ್ವವಿದ್ಯಾಲಯದ ಬಸ್ಸು ಓಡಿಸಿದವನು ನೀನು. ಹೊರಡುವ ಮೊದಲು ಇಬ್ಬರೂ ಜೀಪಿನಲ್ಲಿ ಹೋಗಿ ಬಸ್ಸು ನಿಲ್ಲುವ ಪ್ರತಿ ಜಾಗವನ್ನೂ ನೋಡಿ ಬಂದಿದ್ದೆವು. ವಿಮೆ ಸಿಗಬೇಕಾದರೆ ಪ್ರತಿ ನಿಲುಗಡೆಯಲ್ಲೂ, ಅಪಾಯ ಬಂದಾಗ ಎಲ್ಲರೂ ಓಡಿ ಬಂದು ಕೂಡುವ ಒಂದು ಜಾಗವನ್ನು ಗೊತ್ತು ಮಾಡಿ ಗುರುತು ಹಾಕಬೇಕು. ಆ ಕೇರಿಯಲ್ಲಿ ನಾನು ಮಾವಿನ ಮರ ತೋರಿಸಿದೆ. ನೀನು ಕಾಂಡದ ಸುತ್ತ ಕೆಂಪು ಪಟ್ಟಿ ಬಳಿದು, ಕೆಳಗೆ ನಿಲುಗಡೆಯ ಅಂಕಿ ಬರೆದೆ. ಕೇರಿಯವರೆಲ್ಲ ಗದ್ದೆಯಲ್ಲಿದ್ದರು. ಕೇಳಲು ಯಾರೂ ಇರಲಿಲ್ಲ, ನಾವು ಕಾಯಲೂ ಇಲ್ಲ.

ಕಾಡೊಳಗಿನ ಕೇರಿಯಲ್ಲಿ ಮರಕ್ಕೆ ಕೆಂಪು ಪಟ್ಟಿಯೂ ಅಂಕಿಯೂ ಬಿದ್ದರೆ, ಸರ್ವೆ ಮುಗಿಯಿತು, ಇನ್ನು ಒಕ್ಕಲೆಬ್ಬಿಸುತ್ತಾರೆ ಎಂದು ಅರ್ಥ. ಇದು ನನಗೆ ತಿಳಿದದ್ದು ನನ್ನ ಕೂದಲು ಅವರ ಮುಷ್ಟಿಯಲ್ಲಿದ್ದಾಗ.

ಪ್ರವಾಸದ ದಿನ ನಾವು ಸರ್ವೆಯವರ ಹಾಗೆ ಒಂದೇ ಬಣ್ಣದ ಜಾಕೆಟ್ಟು ತೊಟ್ಟು ಇಳಿದು ಅದೇ ಮರದ ಕೆಳಗೆ ನಿಂತು ಹಾಜರಿ ಕೂಗಿದೆವು. ಮೊದಲ ಕಲ್ಲು ದಾಂಡೇಲಿಯ ವಿದ್ಯಾರ್ಥಿನಿ ಜಾಸ್ಮಿನಳ ಎಡಗಣ್ಣಿಗೆ ಬಿತ್ತು. ವಿದ್ಯಾರ್ಥಿಗಳು ಅವಳನ್ನು ಎತ್ತಿಕೊಂಡು ಬಸ್ಸಿಗೆ ಓಡಿದರು. ನಾನು ಹಿಂದೆ ಉಳಿದೆ. ಫೋಂಡು ಎಂಬವನು ನನ್ನ ತಲೆಯನ್ನು ಮರಕ್ಕೆ ಬಡಿದ. ಎರಡನೆಯ ಬಡಿತಕ್ಕೆ ಬಾಯಿಯಲ್ಲಿ ತೊಗಟೆ ಸಿಕ್ಕಿತು. ನೀನು ಗಾಲಿ ಬಿಚ್ಚುವ ಪಾನಾ ಹಿಡಿದು ಇಳಿದೆ. ಪಕ್ಕದವನ ಮೊಣಕೈ ಮುರಿದ ಸದ್ದು ಕೇಳಿತು. ಆಮೇಲೆ ನೀನು ಫೋಂಡುವಿನ ತಲೆಗೆ ಹೊಡೆದೆ. ಅವನು ಬಿದ್ದ. ಉಳಿದವರು ಓಡಿದರು.

ನಾನು ಇಲ್ಲಿಗೆ ನಿಲ್ಲಿಸಿದೆ. ತನಿಖಾಧಿಕಾರಿ "ಆಮೇಲೆ?" ಅಂದ. ತಲೆ ತಿರುಗುತ್ತಿದೆ ಎಂದೆ. ಅದು ಸುಳ್ಳಲ್ಲ.

ಫೋಂಡುವಿಗೆ ಇನ್ನೂ ಎಚ್ಚರ ಬಂದಿಲ್ಲ. ಹುಬ್ಬಳ್ಳಿಯಲ್ಲಿದ್ದಾನೆ.

ನಿನ್ನ ಅಕ್ಕ,
ರಾಜಶ್ರೀ


ಜಿಲ್ಲಾ ಜೈಲು
20 ಡಿಸೆಂಬರ್ 2024

ಅಕ್ಕಾ,

ಪತ್ರ ಮುಟ್ಟಿತು. ಇಲ್ಲೆ ಪತ್ರ ಓದೂ ಸಿಪಾಯಿ, "ನಿಮ್ಮಕ್ಕನ ಅಕ್ಷರ ಭಾಳ ಛಂದ ಅದಾವೋ" ಅಂದ. "ಅಕ್ಷರ ಛಂದ, ಪ್ಲ್ಯಾನೂ ಛಂದ, ಅದಕ್ಕ ನಾ ಇಲ್ಲೆ ಅದೇನಿ" ಅಂದೆ. ನಕ್ಕ.

ನೀ ಮದುವಿಗೆ ಹ್ವಾದ್ರೂ ಊಟ ಎಲ್ಲೆ ಅಂತ ಕೇಳೂದಿಲ್ಲ, ಹೊರಗ ಹೋಗೂ ಬಾಗಲಾ ಎಲ್ಲೆ ಅಂತ ಕೇಳಾಕಿ. ಇಲ್ಲೆ ಬಂದ್ರ ನಿನಗ ಭಾಳ ಕೆಲಸ ಐತಿ. ಮೊನ್ನೆ ಒಬ್ಬಂವ ಇನ್ನೊಬ್ಬನ ಕಿವಿ ಕಡದ. ಚಾದ ಸಲುವಾಗಿ. ತುಂಡು ನೆಲದ ಮ್ಯಾಲೆ ಬಿದ್ದಿತ್ತು, ಅದನ್ನ ನೋಡಿಕೋತ ನಾ ನನ್ನ ಚಾ ಕುಡದೆ. ಹೆಂಗಾಗೇನಿ ನೋಡು.

ವಕೀಲ ವೀರೇಶ ಬಂದಿದ್ದ. ಕೇರಿ ಮಂದಿ ಓಡಿ ಹೋಗಿದ್ರು, ಹುಡುಗರು ಬಸ್ಸಿನ ನೆಲಕ್ಕ ಮಲಗಿದ್ರು, ನೋಡಿದಾಕಿ ಅಂದ್ರ ನೀ ಒಬ್ಬಾಕಿ. ನಿನ್ನ ಬಾಯಿ ಮ್ಯಾಲೆ ನನ್ನ ಜೀವ ಐತಿ ಅಂತ ಹೇಳಿದ. ನೀ ಹೇಳೂದು ಇಷ್ಟ. ನಿನ್ನ ಕೂದಲ ಹಿಡದಿದ್ರು, ತಲಿ ಬಡ್ಯಾಕತ್ತಿದ್ರು, ನಾ ಇಳದೆ, ಹೊಡದೆ, ಅಂವ ಬಿದ್ದ. ಅಲ್ಲಿಗೆ ಬಾಯಿ ಮುಚ್ಚು. ಅದರ ಮುಂದಿಂದು ಪತ್ರದಾಗೂ ಬರೀಬ್ಯಾಡ.

ನಿನ್ನ ನಿಯಮದಾಗ ಐತಿ, ಮಂದಿ ಸುತ್ತುವರದ್ರ ಡ್ರೈವರ್ ಸೀಟ್ ಬಿಡಬಾರದು, ಬಾಗಲಾ ಹಾಕಿ ಬಸ್ಸ ಓಡಸಬೇಕು ಅಂತ. ನನಗ ಬಾಯಿಪಾಠ ಮಾಡಿಸಿದ್ದಿ. ಅದನ್ನ ಪಾಲಿಸಿದ್ರ ಇವತ್ತ ನಿನ್ನ ಫೋಟೋಕ್ಕ ಅವ್ವ ಮಾಲಿ ಹಾಕ್ತಿದ್ಲು. ಇದನ್ನ ನೆನಪಿಟಗೊ.

ರುದ್ರೇಶ


ಹಳಿಯಾಳ
16 ಜನವರಿ 2025

ತಮ್ಮಾ,

ಫೋಂಡು ಹೋದ. ವೀರೇಶ ನಿನಗೆ ಹೇಳಿರಬೇಕು. ಕೊಲೆ ಯತ್ನ ಎಂದಿದ್ದ ಕೇಸು ಈಗ ಕೊಲೆ ಎಂದಾಗಿದೆ. ಶವಪರೀಕ್ಷೆ ಮಾಡಿದ ಡಾಕ್ಟರು ತಲೆಗೆ ಒಂದಕ್ಕಿಂತ ಹೆಚ್ಚು ಪೆಟ್ಟು ಬಿದ್ದಿದೆ ಎಂದಿದ್ದಾರೆ. ಒಂದು ಪೆಟ್ಟು ಜಗಳದಲ್ಲಿ ಬೀಳುತ್ತದೆ, ಎರಡನೆಯದು ಯಾವಾಗ ಬಿತ್ತು ಎಂಬುದೇ ಈಗ ಎಲ್ಲರ ಪ್ರಶ್ನೆ.

ಜಾಸ್ಮಿನಳ ಆಸ್ಪತ್ರೆಯ ಖರ್ಚನ್ನು ವಿಮೆಯವರು ಒಪ್ಪಿದ್ದಾರೆ. ನಿನ್ನದು ಬೇರೆ. ಪ್ರವಾಸದಲ್ಲಿ ಸಿಬ್ಬಂದಿ ಆತ್ಮರಕ್ಷಣೆಗೆ ಕೈ ಎತ್ತಿದ್ದರೆ ಅವರ ಕೋರ್ಟು ಖರ್ಚೂ ವಿಮೆಯೊಳಗೆ ಬರುತ್ತದೆ. ಬೇಕೆಂದು ಹೊಡೆದಿದ್ದರೆ ಬರುವುದಿಲ್ಲ, ವಿಶ್ವವಿದ್ಯಾಲಯವೂ ಕೈ ಬಿಡುತ್ತದೆ. ಆ ಮಾತನ್ನು ಒಪ್ಪಂದದಲ್ಲಿ ಸೇರಿಸುವಾಗ ನಾನೇ ಓದಿ ನೋಡಿ ಸರಿಯಿದೆ ಎಂದಿದ್ದೆ.

ಕುಲಸಚಿವರು ಕರೆದು ಕೂರಿಸಿಕೊಂಡು ಚಹಾ ತರಿಸಿದರು. "ರಾಜಶ್ರೀ ಮೇಡಂ, ಅಂವ ನಿಂತಿದ್ನೋ ಬಿದ್ದಿದ್ನೋ ಅಂತ ನಿಮ್ಮನ್ನ ಯಾರರ ಕೇಳ್ಯಾರೇನ್ರಿ?" ಅಂದರು. ಇನ್ನೂ ಇಲ್ಲ ಎಂದೆ. "ಕೇಳಲಾರದ್ದಕ್ಕ ಉತ್ತರ ತಯಾರ ಮಾಡಿಕೋತ ಯಾಕ ಕುಂದರ್ತೀರಿ? ಬಿಸ್ಕೀಟ್ ತಗೋರಿ" ಅಂದರು. ತೆಗೆದುಕೊಂಡೆ.

ನೀನು ಹೇಳಿದಂತೆ ಅದರ ಮುಂದಿನದನ್ನು ಬರೆಯುವುದಿಲ್ಲ. ಸೋಮವಾರ ಅವ್ವ ಸನವಳ್ಳಿಯಿಂದ ಬಂದಿದ್ದಳು, ದೇವರ ಮುಂದೆ ಕಾಯಿ ಒಡೆದಳು. ಆ ಸದ್ದಿಗೆ ನಾನು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಅವ್ವ ಬೆನ್ನು ಸವರುತ್ತ, "ಪಿತ್ತ ಆಗೈತಿ" ಅಂದಳು. ಹೌದು ಎಂದೆ.

ಅಕ್ಕ


ಜಿಲ್ಲಾ ಜೈಲು
4 ಫೆಬ್ರವರಿ 2025

ಅಕ್ಕಾ,

ಅಂವ ಸತ್ತ ಅಂತ ಕೇಳಿದ ದಿನ ನಾ ಅನ್ನ ಎರಡ ಸರ್ತಿ ಹಾಕಿಸ್ಕೊಂಡೆ. ಸಂಜಿಮುಂದ ಒಬ್ಬಂವ ನನಗ ಕೇಳೂಹಂಗ, "ಬಿದ್ದಂವನ್ನ ಹೊಡದ ಗಂಡಸು ಇವ ನೋಡ್ರಿ" ಅಂದ. ಅವನ ತಲಿ ಹಿಡದು ನೀರಿನ ತೊಟ್ಟಿಗೆ ಬಡದೆ. ಹಲ್ಲು ಉದುರಿದವು, ನೀರೆಲ್ಲಾ ಕೆಂಪಾತು. ಅದ ನೀರ ಎರಡ ದಿನ ಎಲ್ಲಾರೂ ಕುಡದ್ವಿ. ನನ್ನ ಬೆರಳ ಮುರದೈತಿ, ಅದಕ್ಕ ಅಕ್ಷರ ಹಿಂಗ.

ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ. ಅಪ್ಪ ಅವ್ವನ್ನ ಒನಕಿಲೆ ಹೊಡಿಯೂಮುಂದ ನಡುವ ಹೋಗಾಂವ ನಾ. ನೀ ಒಳಗ ಕುಂತು ಓದತಿದ್ದಿ. ದನಿ ತೆಗದು ಓದತಿದ್ದಿ, ನಮ್ಮ ಚೀರಾಟ ಕೇಳಬಾರದಂತ. ಅದನ್ನ ನಾ ತಪ್ಪು ಅನ್ನಾಕತ್ತಿಲ್ಲ. ಓದಿದ್ದಕ್ಕ ಅಧಿಕಾರಿ ಆದಿ, ನೀ ಆದದ್ದಕ್ಕ ನನಗ ಬಸ್ಸಿನ ನೌಕರಿ ಸಿಕ್ಕಿತು. ಈಗೂ ಹಂಗ ಮಾಡು ಅಂತೇನಿ. ಕೋರ್ಟಿನ್ಯಾಗ ಕೇಳಿದ್ರ ದನಿ ತೆಗದು ಬ್ಯಾರೆ ಏನರ ಓದು.

ರುದ್ರೇಶ


ಹಳಿಯಾಳ
10 ಮಾರ್ಚ್ 2025

ರುದ್ರೇಶ,

ನಿನ್ನ ಪತ್ರ ಬಂದು ಒಂದು ತಿಂಗಳಾಯಿತು. ನೀನು ಬರೆದದ್ದು ನಿಜ. ನಾನು ಆಗ ಯಾವ ಪಾಠ ಓದುತ್ತಿದ್ದೆ ಎಂದೂ ನೆನಪಿದೆ.

ಕಳೆದ ವಾರ ಆ ಕೇರಿಗೆ ಹೋಗಿದ್ದೆ. ಯಾರಿಗೂ ಹೇಳಲಿಲ್ಲ. ದಾಂಡೇಲಿಯಿಂದ ಜೋಯಿಡಾಕ್ಕೆ ಬಸ್ಸು, ಅಲ್ಲಿಂದ ಕುಂಬಾರವಾಡಕ್ಕೆ ಇನ್ನೊಂದು ಬಸ್ಸು, ಉಳಿದದ್ದು ನಡಿಗೆ. ವಿದ್ಯಾರ್ಥಿಗಳು ಹೀಗೆ ಒಬ್ಬೊಬ್ಬರೇ ಹೊರಟರೆ ನಾನು ಅನುಮತಿ ಕೊಡುವುದಿಲ್ಲ. ಯಾಕೆ ಹೋದೆ ಎಂದರೆ, ಮರಕ್ಕೆ ಹಾಕಿದ ಬಣ್ಣ ಇನ್ನೂ ಅಲ್ಲೇ ಇದೆಯೆಂದು ಜಾಸ್ಮಿನಳ ತಂದೆ ಶಮಶುದ್ದೀನರು ಹೇಳಿದರು. ಜೋಯಿಡಾ ಕಡೆಯ ಗಾಡಿಗಳು ಅವರ ಗ್ಯಾರೇಜಿಗೇ ರಿಪೇರಿಗೆ ಬರುತ್ತವೆ. "ಗುರುತ ಹಾಕಿದವರ ಅಳಿಸಬೇಕಲ್ರಿ ಮೇಡಂ" ಅಂದರು. ಮಗಳ ಕಣ್ಣು ಕಳೆದುಕೊಂಡ ಮನುಷ್ಯ ನನಗೆ ಬಯ್ಯಲಿಲ್ಲ. ಬೈದಿದ್ದರೆ ಬಹುಶಃ ಮನೆಯಲ್ಲೇ ಇರುತ್ತಿದ್ದೆ.

ಮರದ ಹತ್ತಿರ ಫೋಂಡುವಿನ ತಾಯಿ ಸಕ್ಕುಬಾಯಿ ಇದ್ದಳು. ಕತ್ತಿಯಿಂದ ಬಣ್ಣದ ತೊಗಟೆಯನ್ನು ಹೆರೆಯುತ್ತಿದ್ದಳು. ದಿನವೂ ಸ್ವಲ್ಪ ಸ್ವಲ್ಪ ಹೆರೆದಿದ್ದಾಳೆ, ಮರ ಅರ್ಧ ಬೆತ್ತಲಾಗಿ ಸೊನೆ ಸುರಿಸುತ್ತಿದೆ. ಅವಳಿಗೆ ಸಂತೆಯಲ್ಲಿ ಕಲಿತಷ್ಟು ಕನ್ನಡ ಬರುತ್ತದೆ. ನಾನು ಯಾರು ಎಂದು ಹೇಳುವ ಮೊದಲೇ ತಲೆಯ ಮೇಲಿನ ಬೋಳು ಕಲೆ ನೋಡಿದಳು.

"ನೀನ ಏನು ಆಕಿ" ಅಂದಳು.

ಹೌದು ಎಂದೆ. ಬಣ್ಣ ಅಳಿಸಲು ತಂದಿದ್ದ ಡಬ್ಬಿ ಕೆಳಗಿಟ್ಟೆ. ಅವಳು ಅದನ್ನು ಒದ್ದಳು. ಉಳಿದ ಕೂದಲನ್ನು ಹಿಡಿದು, ಅದೇ ಮರಕ್ಕೆ ನನ್ನ ಬೆನ್ನು ಒತ್ತಿ, ಕತ್ತಿಯನ್ನು ಗಂಟಲಿಗೆ ಇಟ್ಟಳು. ಕತ್ತಿಗೆ ಮಾವಿನ ಸೊನೆ ಅಂಟಿತ್ತು.

"ನಮ್ಮವರು ಓಡಿ ಹೋಗಿದ್ರು. ನೀ ಇದ್ದಿ. ಮರುದಿವಸ ಪೊಲೀಸರು ಬಂದು ಗಂಡಸರನ್ನೆಲ್ಲಾ ಬಡದು ಎಳಕೊಂಡು ಹೋದ್ರು. ನನ್ನ ಮಗ ಹೆಂಗ ಸತ್ತ ಅಂತ ಯಾರೂ ಹೇಳವಲ್ಲರು. ನೀ ಹೇಳು."

"ಮೊದಲು ಅವನು ನನ್ನ..."

"ಅದು ಗೊತ್ತೈತಿ. ಅಂವ ಕೆಟ್ಟ ಸಿಟ್ಟಿನಂವ. ನನಗೂ ಹೊಡಿತಿದ್ದ. ಬಿದ್ದ ಮ್ಯಾಲೆ ಹೇಳು."

ಹೇಳಿದೆ. ಅಂಗಾತ ಬಿದ್ದಿದ್ದ, ಕೈಯಲ್ಲಿ ಕಲ್ಲೂ ಇರಲಿಲ್ಲ ಕೋಲೂ ಇರಲಿಲ್ಲ, ನನ್ನ ತಮ್ಮ ಮತ್ತೆ ಹೊಡೆದ ಎಂದು ಹೇಳಿದೆ. ಅವಳು ಕತ್ತಿ ತೆಗೆದಳು. ಅಳಲಿಲ್ಲ. ಮರದ ಕಡೆ ತಿರುಗಿ, ಹೆರೆದ ಜಾಗಕ್ಕೆ ತನ್ನ ಹಣೆಯನ್ನು ಚಚ್ಚಿಕೊಂಡಳು. ಹಿಡಿಯಲು ಹೋದ ನನ್ನ ಕೈಯನ್ನು ಕಚ್ಚಿದಳು. ಕೇರಿಯ ಹೆಂಗಸರು ಬಂದು ಬಿಡಿಸಿದರು.

ಕತ್ತಿಗೆ ಹೆದರಿ ಹೇಳಿದೆ ಎಂದುಕೊಳ್ಳಬೇಡ. ಕತ್ತಿ ಇದ್ದದ್ದರಿಂದ ಹೇಳಲು ಸುಲಭವಾಯಿತು.

ಮುಂದಿನ ತಿಂಗಳು ಮ್ಯಾಜಿಸ್ಟ್ರೇಟರ ಮುಂದೆ ನನ್ನ ಹೇಳಿಕೆ ಇದೆ. ಈಗ ನಾನು ಬರೆಯಬಾರದ್ದನ್ನು ಬರೆದಾಯಿತು. ವೀರೇಶನಿಗೆ ತೋರಿಸು.

ಅಕ್ಕ


ಹಳಿಯಾಳ
9 ಏಪ್ರಿಲ್ 2025

ರುದ್ರೇಶ,

ನಿನ್ನಿಂದ ಉತ್ತರ ಬರಲಿಲ್ಲ. ವೀರೇಶ ಮಾತ್ರ ಮನೆಗೆ ಬಂದು, ಅಕ್ಕನೂ ಅಲ್ಲ, ವೈರಿಯೂ ಅಲ್ಲ, ನಿಮ್ಮನ್ನ ಏನಂತ ಕರೀಬೇಕ್ರಿ ಎಂದು ಕೇಳಿ ಹೋದ.

ಇಂದು ಹೇಳಿಕೆ ಕೊಟ್ಟೆ. ಮ್ಯಾಜಿಸ್ಟ್ರೇಟರು ನನ್ನ ವಯಸ್ಸಿನ ಹೆಣ್ಣುಮಗಳು. ನೀರು ಬೇಕೆ ಎಂದು ಕೇಳಿದರು. ನನ್ನನ್ನು ಮರಕ್ಕೆ ಬಡಿದದ್ದು, ನೀನು ಇಳಿದು ಬಂದದ್ದು, ನೀನು ಬರದೆ ಇದ್ದರೆ ನಾನು ಬದುಕುತ್ತಿರಲಿಲ್ಲ ಎಂಬುದು, ಎಲ್ಲವನ್ನೂ ಹೇಳಿದೆ. ಆಮೇಲೆ ಅವರು ಕೇಳಿದರು.

"ಫೋಂಡು ಬಿದ್ದ ನಂತರ ಏನಾಯಿತು?"

"ನನ್ನ ತಮ್ಮ ಇನ್ನೊಂದು ಪೆಟ್ಟು ಹೊಡೆದ."

"ಆಗ ನಿಮಗೆ ಅಪಾಯ ಇತ್ತೆ?"

"ಇರಲಿಲ್ಲ. ಎಲ್ಲರೂ ಓಡಿ ಹೋಗಿದ್ದರು."

"ಆಮೇಲೆ?"

"ನಾನು ಬಸ್ಸಿನ ಕಡೆ ತಿರುಗಿ ವಿದ್ಯಾರ್ಥಿಗಳ ಹೆಸರು ಕೂಗಿದೆ."

ಮರಕ್ಕೆ ಗುರುತು ಹಾಕಿಸಿದವಳು ನಾನು ಎಂದೂ ಹೇಳಿದೆ. ಅದು ಈ ಪ್ರಶ್ನೆಗೆ ಉತ್ತರವಲ್ಲ ಎಂದರು. ಬರೆದುಕೊಳ್ಳಿ ಎಂದೆ. ಬರೆದುಕೊಂಡರು.

ಅಪ್ಪ ಹೊಡೆಯುವಾಗ ನೀನು ನಡುವೆ ಬಂದೆ. ಫೋಂಡು ಹೊಡೆಯುವಾಗಲೂ ಬಂದೆ. ನೀನು ಫೋಂಡುವನ್ನು ಹೊಡೆಯುವಾಗ ನಡುವೆ ಬರಬೇಕಾದವಳು ನಾನು. ಬರಲಿಲ್ಲ.

ರಾಜಶ್ರೀ


ಜಿಲ್ಲಾ ಜೈಲು
21 ಏಪ್ರಿಲ್ 2025

ರಾಜಶ್ರೀ ಮೇಡಂ,

ನಿಮ್ಮ ಡ್ರೈವರ್ ಸತ್ತಾನ ಅಂತ ತಿಳೀರಿ. ಇನ್ನ ಬರೀಬ್ಯಾಡ್ರಿ.

ರುದ್ರೇಶ ಶಿವಲಿಂಗಪ್ಪ


ಹಳಿಯಾಳ
30 ಜೂನ್ 2025

ರುದ್ರೇಶ,

ಬರೆಯಬೇಡ ಎಂದೆ. ಇದನ್ನು ಓದದೆ ಹರಿದು ಹಾಕು, ಪರವಾಗಿಲ್ಲ.

ಹೇಳಿಕೆಯ ಸುದ್ದಿ ಕೇಳಿ ಅವ್ವ ಸನವಳ್ಳಿಯಿಂದ ಬಂದಳು. ಹೊಸ್ತಿಲಲ್ಲೇ ನನ್ನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ತುಟಿ ಹರಿಯಿತು. ನಾನು ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ತನ್ನ ಕೈಯನ್ನೇ ನೋಡುತ್ತ ನಿಂತು, "ಥೇಟ್ ನಿಮ್ಮಪ್ಪನ ಹೊಡ್ತ" ಅಂದಳು. ಊಟ ಮಾಡದೆ, ಊರಿಗೆ ಮರಳಲು ಮುಂಡಗೋಡದ ಬಸ್ಸು ಹತ್ತಿದಳು. ಅಂದಿನಿಂದ ಮಾತಿಲ್ಲ.

ಜಾಸ್ಮಿನ ತರಗತಿಗೆ ಬರುತ್ತಿದ್ದಾಳೆ. ಎಡಗಣ್ಣಿಗೆ ದೃಷ್ಟಿ ಬರಲೇ ಇಲ್ಲ. ಮೊನ್ನೆ ಆಫೀಸಿಗೆ ಬಂದು, ಮುಂದಿನ ಪ್ರವಾಸಕ್ಕೆ ತನ್ನ ಹೆಸರು ಬರೆದುಕೊಳ್ಳಿ ಎಂದಳು. ಬರೆದುಕೊಂಡೆ.

ಪ್ರವಾಸದ ನಿಯಮಗಳನ್ನು ತಿದ್ದಿದ್ದೇನೆ. ಊರವರ ಜೊತೆ ಕುಳಿತು ಮಾತಾಡದೆ ಯಾವ ಜಾಗವನ್ನೂ ಗೊತ್ತು ಮಾಡುವಂತಿಲ್ಲ. ಮರಕ್ಕೆ, ಗೋಡೆಗೆ, ಕಲ್ಲಿಗೆ ಬಣ್ಣ ಮುಟ್ಟಿಸುವಂತಿಲ್ಲ. ಚಾಲಕ ಸೀಟು ಬಿಡಬಾರದು ಎಂಬ ಸಾಲನ್ನು ಏನು ಮಾಡಬೇಕೆಂದು ಬಹಳ ಯೋಚಿಸಿದೆ. ಅದನ್ನು ಇಟ್ಟಿದ್ದೇನೆ. ಅದರ ಕೆಳಗೆ ಇನ್ನೊಂದು ಸೇರಿಸಿದೆ: ಪ್ರವಾಸದ ಮುಖ್ಯಸ್ಥರ ಒಡಹುಟ್ಟಿದವರು ಆ ಬಸ್ಸು ಓಡಿಸಬಾರದು. ಕುಲಸಚಿವರು ಓದಿ, "ಇದು ಎಲ್ಲಿಯ ನಿಯಮಾರಿ?" ಅಂದರು. ನಮ್ಮ ಮನೆಯದು ಎಂದೆ.

ನಿನ್ನ ಬೆರಳು ಕೂಡಿತೆ?

ರಾಜಶ್ರೀ


ಜಿಲ್ಲಾ ಜೈಲು
24 ಆಗಸ್ಟ್ 2025

ಅಕ್ಕಾ,

ಪತ್ರ ಹರೀಲಿಲ್ಲ. ಬೆರಳು ಸೊಟ್ಟ ಕೂಡೈತಿ. ಸ್ಟಿಯರಿಂಗ್ ಹಿಡಿಯಾಕ ಬರ್ತೈತೋ ಇಲ್ಲೋ ಗೊತ್ತಿಲ್ಲ, ಇಲ್ಲೆ ಹಿಡದು ನೋಡಾಕ ಸ್ಟಿಯರಿಂಗ್ ಇಲ್ಲ.

ನಿನ್ನ ಹೇಳಿಕಿ ವೀರೇಶ ಓದಿ ತೋರಿಸಿದ. ಭಾಳ ದಿವಸ ನಿನ್ನ ಕೊಲ್ಲಬೇಕು ಅನಸ್ತಿತ್ತು. ಸುಳ್ಳಲ್ಲ, ಹೆಂಗ ಕೊಲ್ಲಬೇಕು ಅಂತ ಯೋಚನಿ ಮಾಡಿಕೋತ ಮಲಗ್ತಿದ್ದೆ. ಇದನ್ನ ಓದೂ ಸಿಪಾಯಿಗೆ ಹೇಳೇನಿ, ಈಗ ಹಂಗ ಅನಿಸೂದಿಲ್ಲ, ನೀ ಅಂಜಬ್ಯಾಡ ಅಂತ.

ನಿನ್ನ ಹೇಳಿಕ್ಯಾಗ ತಪ್ಪೈತಿ. ಬಿದ್ದ ಮ್ಯಾಲೆ ಇನ್ನೊಂದು ಹೊಡದ ಅಂತ ಹೇಳಿದಿ. ಆ ಪೆಟ್ಟಿಗೆ ಅಂವ ಸತ್ತಿರಲಿಲ್ಲ. ಅಷ್ಟಕ್ಕ ಬಿಟ್ಟಿದ್ರ ಸಾಯತಿರಲಿಲ್ಲ ಅಂತ ನನಗ ಅನಸ್ತೈತಿ. ನೀ ಬಸ್ಸಿನ ಕಡೆ ತಿರುಗಿ ಹೆಸರ ಕೂಗಾಕತ್ತಿದ್ದಿ. ಜಾಸ್ಮಿನ ಅಂದಿ, ಉತ್ತರ ಬರಲಿಲ್ಲ. ಮತ್ತ ಜಾಸ್ಮಿನ ಅಂದಿ. ಆಗ ಅಂವ ಕಣ್ಣ ತೆರೆದ. ಕೈ ಎತ್ತಿದ. ಹೊಡಿಯಾಕಲ್ಲ, ಮುಖಾ ಮುಚ್ಚಿಕೊಳ್ಳಾಕ. ಅದು ನನಗ ಗೊತ್ತಾಗಿತ್ತು. ನಾನೂ ಅಪ್ಪನ ಮುಂದ ಹಂಗ ಎತ್ತತಿದ್ದೆ. ಆ ಕೈಯಾಗ ಏನೋ ಇತ್ತು ಅಂತ ವೀರೇಶಗ ಹೇಳೇನಿ, ಅದು ಸುಳ್ಳು. ಅವನ ಕೈ ನನ್ನ ಎಡಗೈಲೆ ಸರಿಸಿದೆ. ಸರಿಸಿ ಹಿಡಕೊಂಡು ಹೊಡದೆ. ಅಂವ ಏನೋ ಅಂದ, ಅವರ ಭಾಷೆದಾಗ. ತಿಳೀಲಿಲ್ಲ. ಮತ್ತ ಹೊಡದೆ. ನೀ ಹಾಜರಿ ಮುಗಿಸಿ ತಿರುಗೂದರಾಗ ನಾ ಪಾನಾ ವರಸಾಕತ್ತಿದ್ದೆ.

ನೀ ನಡುವ ಬರಲಿಲ್ಲ ಅಂತ ಬರದಿ. ನೀ ಬಂದಿದ್ರ ನಿನ್ನೂ ಹೊಡಿತಿದ್ದೆ. ಇದನ್ನ ನೀ ತಿಳಕೋಬೇಕಂತ ಬರದೇನಿ.

ಮುಂದಿನ ತಾರೀಖಿಗೆ ಜಡ್ಜ್ ಸಾಹೇಬ್ರ ಮುಂದ ನಾನ ಹೇಳ್ತೇನಿ. ವೀರೇಶ ಕಾಲಿಗೆ ಬಿದ್ದು ಬ್ಯಾಡ ಅಂದ. ಮನಿ ಕಡೆ ಹೋಗು ತಮ್ಮಾ ಅಂದೆ.

ಸಕ್ಕುಬಾಯಿಗೆ ನೀ ಮದ್ಲ ಹೇಳಬ್ಯಾಡ. ಆಕಿ ನನ್ನ ಬಾಯಿಲೆ ಕೇಳಬೇಕು. ಕೋರ್ಟು ಮುಂಜಾನೆ ಕೂಡ್ತೈತಿ, ಕುಂಬಾರವಾಡದಿಂದ ಬಸ್ಸು ಆ ಹೊತ್ತಿಗೆ ಮುಟ್ಟೂದಿಲ್ಲ. ನೀ ಗಾಡಿ ಮಾಡಿಕೊಂಡು ಹಿಂದಿನ ದಿನಾನ ಹೋಗಿ ಕರಕೊಂಡು ಬಾ. ಆಕಿನ್ನ ಮುಂದ ಕೂಡಸು, ಹಿಂದ ಕುಂತ್ರ ಆ ರಸ್ತೆದಾಗ ವಯಸ್ಸಾದವರಿಗೆ ಹೊಟ್ಟಿ ತೊಳಸ್ತೈತಿ. ಮಳಿ ಇನ್ನೂ ನಿಂತಿಲ್ಲ, ತಿರುವಿನ್ಯಾಗ ಮಣ್ಣ ಜರೀತೈತಿ, ಬೆಳಕಿರೂದರಾಗ ಘಟ್ಟಾ ಇಳಕೋರಿ.

ಡ್ರೈವರ್ ತಿಳದಂವನ್ನ ನೋಡಿ ಕರಕೊ.

ರುದ್ರೇಶ